ಬೆಲ್ಲ, ಕಂಬಳಿ, ಬಾವುಟ

ನಮ್ಮ ಶಾಲೆಯ ಸ್ಮರಣ ಸಂಪುಟಕ್ಕೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನಾನು ಮೊದಲು ಹಿಂಜರಿದದ್ದುಂಟು. ಈ ಸಂಸ್ಥೆಯಲ್ಲಿ ಆರು ವರ್ಷ ವಿದ್ಯಾರ್ಥಿಯಾಗಿ, ಮೂವತ್ತನಾಲ್ಕು ವರ್ಷ ಅಧ್ಯಾಪಕನಾಗಿ ಕಳೆದವನಿಗೆ ಹೇಳಲು ವಿಷಯವಿಲ್ಲವೆಂದಲ್ಲ. ಹೇಳಬೇಕಾದುದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಅನೇಕರಿದ್ದಾರೆ. ಶ್ರೀಮಠದ ಔದಾರ್ಯವನ್ನು, ಕಟ್ಟಡಗಳು ಎದ್ದು ನಿಂತ ಬಗೆಯನ್ನು, ನಮ್ಮ ವಿದ್ಯಾರ್ಥಿಗಳು ನಾಡಿನಲ್ಲಿ ಗಳಿಸಿದ ಸ್ಥಾನಮಾನಗಳನ್ನು ಅವರು ಬರೆಯಲಿ. ನಾನು 1979ರಿಂದ 2001ರವರೆಗೆ ಪಾಠ ಹೇಳುವುದರ ಜೊತೆಗೆ ಪ್ರಸಾದ ನಿಲಯದ ಉಗ್ರಾಣದ ಬೀಗದ ಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದವನು. ಆದ್ದರಿಂದ ಉಗ್ರಾಣದ ಮಾತನ್ನೇ ಆಡುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ. ನಾಲ್ವತ್ತು ವರ್ಷ ಅದನ್ನು ಯಾರೊಡನೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಮುದುಕರು ಕೂತಲ್ಲಿ ‘ನಮ್ಮ ಕಾಲದಲ್ಲಿ’ ಎಂದು ಆರಂಭಿಸಿದರೆ ಹರೆಯದವರು ಚಪ್ಪಲಿ ಹುಡುಕುತ್ತಾರೆ. ಅದು ಸಹಜವೇ. ಹಿಂದಿನದೆಲ್ಲ ಒಳ್ಳೆಯದು, ಇಂದಿನದೆಲ್ಲ ಕೆಟ್ಟದು ಎನ್ನುವ ಮಾತಿಗೆ ನನ್ನ ಒಪ್ಪಿಗೆಯೂ ಇಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಯ ಮೆಟ್ಟಿಲ ಬಾವಿಯ ನೀರನ್ನು ಅಮೃತವೆಂದು ಹೊಗಳುತ್ತಿದ್ದರು. ಆ ಅಮೃತವನ್ನು ಕುಡಿದವರ ಕಾಲಿನಿಂದ ನಾರುಹುಣ್ಣಿನ ಹುಳು ಗೇಣುದ್ದ ಹೊರಬರುತ್ತಿತ್ತು. ಅದನ್ನು ದಿನಕ್ಕಿಷ್ಟಿಷ್ಟು ಕಡ್ಡಿಗೆ ಸುತ್ತಿಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದ ನನ್ನ ಚಿಕ್ಕಪ್ಪನ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ರೋಗದ ಕೊನೆಯ ಪ್ರಕರಣ ಭಾರತದಲ್ಲಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ನಾರುಹುಣ್ಣುಮುಕ್ತವೆಂದು ಸಾರಿತು. ಬಾವಿಗೆ ಇಳಿಯುವ ಮೆಟ್ಟಿಲುಗಳನ್ನು ಮುಚ್ಚಿ, ನೀರನ್ನು ಸೋಸಿ ಕುಡಿಯುವುದನ್ನು ಕಲಿಸಿ, ಕೊಳವೆಬಾವಿ ಕೊರೆದವರು ಪುಣ್ಯವಂತರು. ಆ ಹಳೆಯ ಕಾಲ ಮರಳಿ ಬರಲೆಂದು ನಾನು ಎಂದೂ ಹಾರೈಸಲಾರೆ.

ಆದರೆ ಕೆಲವು ವಸ್ತುಗಳು ನಿಜವಾಗಿಯೂ ಒಳ್ಳೆಯವಾಗಿದ್ದವು, ನಿಜವಾಗಿಯೂ ಕೆಟ್ಟವು. ಅವು ತಾವಾಗಿ ಕೆಡಲಿಲ್ಲ. ಕೊಂಡುಕೊಳ್ಳುವ ನಾವು ಕೆಡಿಸಿದೆವು. ಉಗ್ರಾಣದ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಕುಳಿತು ನಾನು ಕಂಡುಕೊಂಡದ್ದು ಇಷ್ಟೇ.

ಮೊದಲು ಬೆಲ್ಲದ ಮಾತು. ನಾನು 1960ರ ಜೂನಿನಲ್ಲಿ ಪ್ರಸಾದ ನಿಲಯ ಸೇರಿದಾಗ ಅಮಾವಾಸ್ಯೆ, ಹಬ್ಬಹುಣ್ಣಿಮೆಗಳಂದು ಗೋಧಿ ಹುಗ್ಗಿ ಮಾಡುತ್ತಿದ್ದರು. ಹಿತ್ತಲ ಒಲೆಯ ಮೇಲೆ ಕೊಪ್ಪರಿಗೆಯಲ್ಲಿ ಗೋಧಿ ಬೆಂದು, ಅದಕ್ಕೆ ಪೆಂಟೆ ಬೆಲ್ಲ ಜಜ್ಜಿ ಹಾಕಿದ ಗಳಿಗೆಯಲ್ಲಿ ವ್ಯಾಕರಣದ ತರಗತಿಗೂ ಆ ಪರಿಮಳ ಬರುತ್ತಿತ್ತು. ಮಾಸ್ತರರೂ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ಆ ಬೆಲ್ಲದ ಬಣ್ಣ ಎರೆಮಣ್ಣಿನದು, ಕೆಲವೊಮ್ಮೆ ಅದಕ್ಕಿಂತ ತುಸು ಕೆಂಪು. ಒಡೆದರೆ ಒಳಗೆ ಸಕ್ಕರೆಯಂಥ ಹರಳು ಮಿನುಗುತ್ತಿತ್ತು. ಮಳೆಗಾಲದಲ್ಲಿ ಪೆಂಟೆಯ ಮೈ ತುಸು ಬೆವರುತ್ತಿತ್ತು, ಅಷ್ಟೆ. ಹುಲ್ಲು ಹಾಸಿ ಹೊಗೆ ತಾಗುವ ಕಡೆ ಇಟ್ಟರೆ ವರ್ಷವೊಪ್ಪತ್ತು ಕೆಡುತ್ತಿರಲಿಲ್ಲ.

ಆ ಬೆಲ್ಲದ ಹಿಂದೆ ಎಷ್ಟು ಕೈಗೆಲಸವಿತ್ತೆಂಬುದನ್ನು ಆಲೆಮನೆಯನ್ನು ನೋಡಿದವರು ಬಲ್ಲರು. ಗಾಣದಿಂದ ಇಳಿದ ಹಾಲನ್ನು ಕೊಪ್ಪರಿಗೆಗೆ ಸುರಿದು ಕಾಯಿಸುವಾಗ ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯನ್ನು ಹಾಕುತ್ತಿದ್ದರು. ಹಾಲಿನಲ್ಲಿದ್ದ ಕಸವೆಲ್ಲ ಆ ಲೋಳೆಗೆ ಅಂಟಿ ಮೇಲಕ್ಕೆ ನೊರೆಯಾಗಿ ಬರುತ್ತಿತ್ತು. ಅದನ್ನು ಝಾರಿಯಿಂದ ತೆಗೆಯುತ್ತಲೇ ಇರಬೇಕು. ಒಂದು ಗಳಿಗೆ ಮೈಮರೆತರೆ ಕಸ ಮತ್ತೆ ಒಳಗಿಳಿಯಿತೆಂದೇ ಅರ್ಥ. ತುಸು ಸುಣ್ಣದ ತಿಳಿ ಸೇರಿಸುತ್ತಿದ್ದರು. ಪಾಕ ಬಂತೋ ಇಲ್ಲವೋ ಎಂಬುದನ್ನು ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು, ಬೆರಳಿನಿಂದ ಒತ್ತಿ ತಿಳಿಯುತ್ತಿದ್ದರು.

1980ರ ದಶಕದ ಕೊನೆಯ ಹೊತ್ತಿಗೆ ಪೇಟೆಯಲ್ಲಿ ಹಳದಿ ಬೆಲ್ಲ ಕಾಣಿಸಿಕೊಂಡಿತು. ನೋಡಲು ಬಂಗಾರದ ಗಟ್ಟಿಯಂತಿತ್ತು. ನಾನೂ ಮರುಳಾದೆ. ಮಕ್ಕಳಿಗೆ ಶುಭ್ರವಾದ ಬೆಲ್ಲ ಸಿಗಲೆಂದು ತುಸು ಹೆಚ್ಚಿನ ದರ ಕೊಟ್ಟೇ ನಾಲ್ಕು ಪೆಂಟೆ ತಂದೆ. ನಮ್ಮ ಅಡುಗೆಯ ಹಿರಿಯರು ಒಂದು ಚೂರು ಬಾಯಿಗೆ ಹಾಕಿಕೊಂಡು, ‘ಸರ, ಇದು ಸಿಹಿ ಐತಿ, ಬೆಲ್ಲ ಅಲ್ಲ’ ಎಂದರು. ನಾನು ನಕ್ಕುಬಿಟ್ಟೆ. ಎರಡು ತಿಂಗಳಲ್ಲಿ ಆ ಬಂಗಾರ ತನ್ನಷ್ಟಕ್ಕೆ ತಾನೇ ಕಂದತೊಡಗಿದಾಗ ನಗು ನಿಂತಿತು.

ಕಾರಣ ತಿಳಿದದ್ದು ಮಹಾಲಿಂಗಪುರದ ಕಡೆ ಆಲೆಮನೆ ನಡೆಸುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋದಾಗ. ಕೊಪ್ಪರಿಗೆಯ ಪಕ್ಕದಲ್ಲಿ ಬೆಂಡೆಯ ಲೋಳೆಯ ಬಾನಿ ಇರಲಿಲ್ಲ. ಬಿಳಿಯ ಪುಡಿಯ ಡಬ್ಬಿ ಇತ್ತು. ಅದನ್ನು ಅವರು ‘ಹೈಡ್ರೋಸ್’ ಎನ್ನುತ್ತಾರೆ. ಸೋಡಿಯಂ ಹೈಡ್ರೋಸಲ್ಫೈಟ್ ಎಂಬುದು ಅದರ ಪೂರ್ಣ ಹೆಸರು. ಬಟ್ಟೆಯ ಬಣ್ಣ ತೆಗೆಯಲು ಬಳಸುವ ರಾಸಾಯನಿಕ. ಕುದಿಯುವ ಪಾಕಕ್ಕೆ ಒಂದು ಹಿಡಿ ಎಸೆದರೆ ಕಪ್ಪು ಬೆಲ್ಲ ಕಣ್ಣೆದುರಿಗೇ ಹಳದಿಯಾಗುತ್ತದೆ. ಕಸ ಹೋಗುವುದಿಲ್ಲ, ಕಸದ ಬಣ್ಣ ಮಾತ್ರ ಹೋಗುತ್ತದೆ. ಅದೂ ಕೆಲವು ವಾರಗಳ ಮಟ್ಟಿಗೆ. ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುವುದರಿಂದ ಆಹಾರದ ಕಾನೂನು ಅದಕ್ಕೊಂದು ಮಿತಿಯನ್ನೂ ಹಾಕಿದೆ. ‘ಹೀಗೇಕೆ ಮಾಡುತ್ತೀಯಪ್ಪ?’ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಹೇಳಿದ: ‘ಸರ, ಕರೇ ಬೆಲ್ಲ ತಗೊಂಡು ಹೋದ್ರ ಕೇಳೋರೇ ಇಲ್ರಿ. ಪ್ಯಾಟ್ಯಾಗ ಕಣ್ಣಿಗೆ ರೇಟ್ ಐತಿ, ನಾಲಿಗಿಗಿಲ್ಲ.’ ಆ ವರ್ಷ ಕಣ್ಣಿಗೆ ದರ ಕೊಟ್ಟವರಲ್ಲಿ ನಾನೂ ಒಬ್ಬನೆಂಬುದನ್ನು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಮುಂದೆ ನಿಲಯಕ್ಕೆ ಅವನಿಂದಲೇ ಪುಡಿ ಹಾಕದ ಬೆಲ್ಲ ತರಿಸತೊಡಗಿದೆ. ಈಚಿನ ವರ್ಷಗಳಲ್ಲಿ ಪಟ್ಟಣದವರು ರಾಸಾಯನಿಕವಿಲ್ಲದ ಕಪ್ಪು ಬೆಲ್ಲವನ್ನು ಹೆಚ್ಚಿನ ಬೆಲೆಗೆ ಹುಡುಕಿಕೊಂಡು ಬರುತ್ತಿದ್ದಾರೆಂದು ಕೇಳಿ ಸಂತೋಷವಾಯಿತು. ಬೆಲ್ಲದ ಮಟ್ಟಿಗೆ ನನ್ನ ತಪ್ಪು ತಿದ್ದಿಕೊಳ್ಳುವಂಥದಾಗಿತ್ತು. ಕಂಬಳಿಯ ಮಾತು ಹಾಗಲ್ಲ.

ನಾನು ಶಾಲೆಗೆ ಬಂದಾಗ ನನ್ನ ಬಳಿ ಒಂದು ತಗಡಿನ ಪೆಟ್ಟಿಗೆ, ಒಂದು ಕರಿಯ ಕಂಬಳಿ ಇದ್ದವು. ಒಂದು ಚೀಲ ಜೋಳ ಮಾರಿದ ಹಣದಲ್ಲಿ ನನ್ನ ತಂದೆಯವರು ಅವೆರಡನ್ನೂ ಕೊಂಡಿದ್ದರು. ಮೊದಲ ರಾತ್ರಿ ಮನೆಯ ನೆನಪಾಗಿ ಅತ್ತದ್ದೂ ಆ ಕಂಬಳಿಯೊಳಗೇ. ಅದು ಮೈಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಮಳೆಗೆ ನೆನೆದರೆ ಇಡೀ ಕೋಣೆ ಕುರಿದೊಡ್ಡಿಯಂತೆ ನಾರುತ್ತಿತ್ತು. ಆದರೆ ಅದರ ಗುಣಗಳನ್ನು ನಾವು ಒಂದೊಂದಾಗಿ ಕಲಿತೆವು. ಮಳೆಯಲ್ಲಿ ಕೊಪ್ಪೆ ಮಾಡಿ ಹೊದ್ದರೆ ನೀರು ಮೇಲಿನಿಂದಲೇ ಜಾರಿ ಹೋಗುತ್ತಿತ್ತು. ಪುಷ್ಯಮಾಸದ ಚಳಿಗೆ ಅದಕ್ಕಿಂತ ದೊಡ್ಡ ಮದ್ದಿರಲಿಲ್ಲ. ಹಾಸಿದರೆ ನೆಲದ ತಂಪು ಏರುತ್ತಿರಲಿಲ್ಲ. ಪರೀಕ್ಷೆಯ ಕಾಲದಲ್ಲಿ ಅದನ್ನೇ ಮಡಚಿ ಗದ್ದುಗೆ ಮಾಡಿಕೊಂಡು ಕಂದೀಲಿನ ಮುಂದೆ ಕೂರುತ್ತಿದ್ದೆವು. ಹಳ್ಳಿಗಳಲ್ಲಿ ಮದುವೆಯ ಶಾಸ್ತ್ರಕ್ಕೂ ದೇವರ ಗದ್ದುಗೆಗೂ ಕರಿಯ ಕಂಬಳಿಯನ್ನೇ ಹಾಸುವುದು ಸುಮ್ಮನೆ ಬಂದ ಪದ್ಧತಿಯಲ್ಲ. ಮೊದಲ ವರ್ಷ ಚುಚ್ಚಿದ ಕಂಬಳಿ ಮೂರನೆಯ ವರ್ಷಕ್ಕೆ ತಾಯಿಯ ಸೆರಗಿನಂತೆ ಮೈಗೆ ಒಗ್ಗಿತು. ನಾನು 1966ರಲ್ಲಿ ಶಾಲೆ ಬಿಟ್ಟಾಗ ಅದು ನನ್ನೊಡನೆ ಬಂತು. ಇಂದಿಗೂ ನನ್ನ ಬಳಿ ಇದೆ.

ಅಧ್ಯಾಪಕನಾಗಿ ಮರಳಿದ ಮೇಲೆ ಆ ಕಂಬಳಿಗಳನ್ನು ನೇಯುವವರ ಪರಿಚಯವಾಯಿತು. ಪ್ರತಿವರ್ಷ ದೀಪಾವಳಿಯಾದ ಎರಡು ವಾರಕ್ಕೆ ರಾಣೇಬೆನ್ನೂರಿನ ಕಡೆಯ ಹಳ್ಳಿಯಿಂದ ಒಬ್ಬ ಹಿರಿಯರು ಬಸ್ಸಿನ ಮೇಲೆ ಕಂಬಳಿಯ ಗಂಟು ಹೇರಿಕೊಂಡು ನಿಲಯಕ್ಕೆ ಬರುತ್ತಿದ್ದರು. ಹುಡುಗರೆಲ್ಲ ಅವರನ್ನು ‘ಕಂಬಳಿಯಜ್ಜ’ ಎಂದೇ ಕರೆಯುತ್ತಿದ್ದರು. ಬಡ ಹುಡುಗರಿಗಾಗಿ ನಿಲಯವು ವರ್ಷಕ್ಕೆ ಇಪ್ಪತ್ತು ಕಂಬಳಿಗಳನ್ನು ಅವರಿಂದ ಕೊಳ್ಳುತ್ತಿತ್ತು. ಒಮ್ಮೆ ಅವರ ಊರಿಗೆ ಹೋಗಿ ಎರಡು ದಿನ ಇದ್ದು ಬಂದೆ. ನಮ್ಮ ಬಯಲುಸೀಮೆಯ ಕುರಿಗೆ ದಖನಿ ಕುರಿಯೆಂದು ಹೆಸರು. ಬಿಸಿಲು, ಬರ, ಅಲೆದಾಟಗಳನ್ನು ತಾಳುವ ಜಾತಿ. ಅದರ ಉಣ್ಣೆ ಒರಟು, ಬಣ್ಣ ಬಹುಮಟ್ಟಿಗೆ ಕಪ್ಪು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಅದನ್ನು ಬಿಡಿಸಿ ಹಿಂಜುವುದು, ನೂಲುವುದು ಬಹುತೇಕ ಹೆಂಗಸರ ಕೆಲಸ. ಹುಣಸೆಯ ಬೀಜವನ್ನು ಸಿಪ್ಪೆ ತೆಗೆದು ಅರೆದು, ಗಂಜಿಯಂತೆ ಕುದಿಸಿ, ಅಂಗಳದಲ್ಲಿ ಎಳೆದು ಕಟ್ಟಿದ ಹಾಸಿನ ನೂಲಿಗೆ ಕುಂಚದಿಂದ ತೀಡುತ್ತಾರೆ. ಆ ಗಂಜಿಯ ಬಿಗಿಯಿಂದಲೇ ನೂಲು ಮಗ್ಗದ ಪೆಟ್ಟನ್ನು ತಾಳುತ್ತದೆ, ಹೊಸ ಕಂಬಳಿ ಹಲಗೆಯಂತೆ ನಿಲ್ಲುತ್ತದೆ. ಅಜ್ಜ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಿದ್ದರು. ಅವರ ಮನೆಯ ಹೆಂಗಸರು, ನೆರೆಯವರು, ಕುರಿಕಾಯುವವರು ಎಲ್ಲರೂ ಸೇರಿ ಎಷ್ಟು ಒಲೆಗಳು ಆ ಮಗ್ಗವನ್ನು ನಂಬಿದ್ದವೆಂದು ಆಗ ನಾನು ಎಣಿಸಲಿಲ್ಲ.

1984ರಲ್ಲಿ ನಮ್ಮ ಭಾಗಕ್ಕೆ ಮಳೆ ಸರಿಯಾಗಿ ಬರಲಿಲ್ಲ. ಹಳ್ಳಿಗಳಿಂದ ಎಂದಿಗಿಂತ ಹೆಚ್ಚು ಹುಡುಗರು ಬಂದು ನಿಲಯ ಸೇರಿದರು. ಮನೆಯಲ್ಲಿ ಒಂದು ಹೊಟ್ಟೆಯ ಭಾರ ಕಡಿಮೆಯಾಗಲೆಂಬುದೂ ಅದಕ್ಕೊಂದು ಕಾರಣವಾಗಿತ್ತು. ಯಾರನ್ನೂ ಹಿಂದಕ್ಕೆ ಕಳಿಸಬಾರದೆಂದು ಹಿರಿಯರ ಅಪ್ಪಣೆಯಾಯಿತು. ಚಳಿಗಾಲ ಬರುವ ಹೊತ್ತಿಗೆ ಹೊದಿಕೆಯಿಲ್ಲದ ಹುಡುಗರು ತೊಂಬತ್ತು ಮಂದಿ. ನನ್ನ ಕೈಲಿದ್ದ ಹಣಕ್ಕೆ ಬರುವ ಕಂಬಳಿ ಮೂವತ್ತಾರು. ಅದೇ ಹಣಕ್ಕೆ ಗಿರಣಿಯ ಹೊದಿಕೆ ಸರಿಯಾಗಿ ತೊಂಬತ್ತು ಬರುತ್ತವೆಂದು ಪಟ್ಟಣದ ವ್ಯಾಪಾರಿಯೊಬ್ಬರು ದರಪಟ್ಟಿ ಕಳಿಸಿದ್ದರು. ಹೊದಿಕೆಗಳು ಹಗುರವಾಗಿದ್ದವು, ಮೃದುವಾಗಿದ್ದವು, ಕೆಂಪು ನೀಲಿ ಪಟ್ಟೆಗಳಿಂದ ಚೆಂದ ಕಾಣುತ್ತಿದ್ದವು. ನಾನು ತೊಂಬತ್ತಕ್ಕೂ ಸಹಿ ಹಾಕಿದೆ. ಆ ರಾತ್ರಿ ನನಗೆ ಒಳ್ಳೆಯ ನಿದ್ರೆ ಬಂತು. ತೊಂಬತ್ತು ಮಕ್ಕಳ ಚಳಿ ಕಳೆದೆನೆಂಬ ತೃಪ್ತಿ ನನಗಿತ್ತು.

ದೀಪಾವಳಿಯಾದ ಎರಡು ವಾರಕ್ಕೆ ಅಜ್ಜ ಎಂದಿನಂತೆ ಬಂದರು. ಗಂಟನ್ನು ಉಗ್ರಾಣದ ಕಟ್ಟೆಯ ಮೇಲಿಳಿಸಿ, ‘ಮಾಸ್ತರ್ರ, ಈ ವರ್ಷ ಹುಡುಗರು ಹೆಚ್ಚು ಬಂದಾರಂತ. ನಾನು ಇಪ್ಪತ್ತರ ಮ್ಯಾಲ ಇನ್ನ ಹತ್ತು ನೇಯ್ದು ತಂದೇನಿ’ ಎಂದರು. ನಾನು, ‘ಈ ವರ್ಷ ಬ್ಯಾಡ ಅಜ್ಜಾ’ ಎಂದೆ. ‘ಬ್ಯಾಡ ಅಂದ್ರ, ಬರೋ ವರ್ಷ?’ ‘ಬರೋ ವರ್ಷ ನೋಡೋಣು.’ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಒಳಗೆ ಅಟ್ಟಿಯಾಗಿ ಇಟ್ಟಿದ್ದ ಹೊದಿಕೆಗಳು ಅವರ ಕಣ್ಣಿಗೆ ಬಿದ್ದವು. ಒಂದನ್ನು ಎತ್ತಿಕೊಂಡು, ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ನುಣ್ಣನೆಯ ಧೂಳು ಅಂಟಿತ್ತು. ‘ಇದು ಹೊದ್ಕೊಳ್ಳಾಕ ಅಲ್ರೀ ಮಾಸ್ತರ್ರ, ಲೆಕ್ಕ ತೋರ್ಸಾಕ ಐತಿ’ ಎಂದು ಹೇಳಿ ಅದನ್ನು ಮೊದಲಿದ್ದಂತೆಯೇ ಮಡಚಿ ಇಟ್ಟರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಅವರಿಗೆ ಪ್ರಸಾದ ಮಾಡಿಕೊಂಡು ಹೋಗಲು ಹೇಳಿದೆ. ಅವರು ನೀರು ಮಾತ್ರ ಕುಡಿದು ಗಂಟನ್ನು ಹೊತ್ತುಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಮತ್ತೆ ಅವರು ಬರಲಿಲ್ಲ. ನಾನೂ ಕರೆಯಲಿಲ್ಲ.

ಅಂಥ ಹೊದಿಕೆಗಳು ಹೇಗೆ ತಯಾರಾಗುತ್ತವೆಂಬುದನ್ನು ಬಹಳ ತಡವಾಗಿ ತಿಳಿದೆ. ಹರಿದ ಹಳೆಯ ಉಣ್ಣೆಯ ಬಟ್ಟೆಗಳನ್ನು ಯಂತ್ರಕ್ಕೆ ಕೊಟ್ಟು ಚಿಂದಿ ಮಾಡಿ, ಆ ತುಂಡು ಎಳೆಗಳನ್ನು ಮತ್ತೆ ನೂಲು ಮಾಡಿ ನೇಯುತ್ತಾರೆ. ಹರಿಯಾಣದ ಪಾಣಿಪತ್ ಈ ಉದ್ಯಮಕ್ಕೆ ಹೆಸರಾದ ಊರು. ವಿದೇಶಗಳು ಬಿಸಾಡಿದ ಬಟ್ಟೆ ಅಲ್ಲಿ ಹಡಗುಗಟ್ಟಲೆ ಬಂದು ಬೀಳುತ್ತದೆ. ಹಳೆಯದನ್ನು ಹೊಸದು ಮಾಡುವುದು ತಪ್ಪಲ್ಲ. ಬಡವನ ಚಳಿಗೆ ಅಗ್ಗದ ಹೊದಿಕೆ ಬೇಕೇ ಬೇಕು. ಆದರೆ ಎಳೆ ಗಿಡ್ಡದಾಗಿರುವುದರಿಂದ ಅದು ಒಗೆದಂತೆಲ್ಲ ಉದುರುತ್ತದೆ. ನಮ್ಮ ತೊಂಬತ್ತು ಹೊದಿಕೆಗಳು ಮೂರನೆಯ ಚಳಿಗಾಲದ ಹೊತ್ತಿಗೆ ಬಲೆಯಾಗಿದ್ದವು. ಮತ್ತೆ ತೊಂಬತ್ತು ಕೊಂಡೆ. ಮತ್ತೆ ಮೂರು ವರ್ಷಕ್ಕೆ ಮತ್ತೊಮ್ಮೆ. 1996ರಲ್ಲಿ ಒಂದು ದಿನ ಹಳೆಯ ದಾಸ್ತಾನು ಪುಸ್ತಕವನ್ನು ತೆರೆದು ಕುಳಿತು ಲೆಕ್ಕ ಹಾಕಿದೆ. ನಿಲಯದ ಕಂಬಳಿಯೊಂದು ಕನಿಷ್ಠ ಹನ್ನೆರಡು ವರ್ಷ ಬಾಳಿದೆ. ತೊಂಬತ್ತು ಹುಡುಗರಿಗೂ ಕಂಬಳಿ ಕೊಂಡಿದ್ದರೆ 1984ರ ದರದಲ್ಲಿ ಎರಡೂವರೆ ಪಾಲು ಹಣ ಬೇಕಾಗುತ್ತಿತ್ತು. ಹನ್ನೆರಡು ವರ್ಷದಲ್ಲಿ ನಾಲ್ಕು ಸಲ ಗಿರಣಿಯ ಹೊದಿಕೆ ಕೊಳ್ಳಲು, ಬೆಲೆ ಏರಿದ್ದನ್ನು ಬಿಟ್ಟರೂ, ನಾಲ್ಕು ಪಾಲು ಹಣ ಹೋಯಿತು. ಅಗ್ಗವೆಂದು ಸಹಿ ಹಾಕಿದವನು ನಾನೇ; ದುಬಾರಿಯೆಂದು ರುಜುವಾತು ಮಾಡಿದ ಪುಸ್ತಕವೂ ನನ್ನ ಕೈಬರಹದ್ದೇ.

ಆ ವರ್ಷ ಎರಡೂವರೆ ಪಾಲು ಹಣ ನನ್ನಲ್ಲಿರಲಿಲ್ಲ ಎಂಬುದು ನಿಜ. ಚಳಿಯಲ್ಲಿ ನಡುಗುವ ಹುಡುಗನಿಗೆ ಹನ್ನೆರಡು ವರ್ಷದ ಲೆಕ್ಕ ಹೇಳಲಾಗುತ್ತಿರಲಿಲ್ಲ ಎಂಬುದೂ ನಿಜ. ಆದರೆ ಅಜ್ಜ ತಂದಿದ್ದ ಮೂವತ್ತರಲ್ಲಿ ಹತ್ತನ್ನಾದರೂ ಕೊಳ್ಳಬಹುದಾಗಿತ್ತು. ಮುಂದಿನ ವರ್ಷಗಳಲ್ಲಿ ಹತ್ತು ಹತ್ತಾಗಿ ಕೂಡಿಸಬಹುದಾಗಿತ್ತು. ದಾನಿಗಳೊಬ್ಬರ ಬಳಿ ಹೋಗಿ ಕೈಯೊಡ್ಡಬಹುದಾಗಿತ್ತು. ಇದೊಂದನ್ನೂ ನಾನು ಮಾಡಲಿಲ್ಲ. ಬರೋ ವರ್ಷ ನೋಡೋಣು ಎಂದವನು ನೋಡಲೇ ಇಲ್ಲ. ನನ್ನ ತಪ್ಪು 1984ರದ್ದಲ್ಲ, 1985ರದ್ದು.

1993ರಲ್ಲಿ ಎಂಟನೆಯ ಇಯತ್ತೆಗೆ ಒಬ್ಬ ಹುಡುಗ ಬಂದು ನಿಲಯ ಸೇರಿದ. ಊರ ಹೆಸರು ಬರೆದುಕೊಳ್ಳುವಾಗ ನನ್ನ ಲೇಖನಿ ನಿಂತಿತು. ಅವನು ಕಂಬಳಿಯಜ್ಜನ ಮಗನ ಮಗ. ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ್ಗವನ್ನು ಅದಕ್ಕೂ ಮೊದಲೇ ಬಿಚ್ಚಿದ್ದರು. ತಂದೆ ಗೋವೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ನಾನು ಉಗ್ರಾಣದಿಂದ ಅವನಿಗೆ ಎಂದಿನ ಪಟ್ಟೆಯ ಹೊದಿಕೆಯನ್ನು ಎತ್ತಿಕೊಟ್ಟೆ. ಅವನು ಅದನ್ನು ಬೆರಳುಗಳ ನಡುವೆ ತಿಕ್ಕಿ ನೋಡಲಿಲ್ಲ. ಕಣ್ಣರಳಿಸಿ ಎದೆಗೊತ್ತಿಕೊಂಡು ಹೋದ. ನನಗೆ ಅಂದಿನಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಆ ಹುಡುಗ ಚೆನ್ನಾಗಿ ಓದಿದ. ಇಂದು ಹುಬ್ಬಳ್ಳಿಯಲ್ಲಿ ವಿದ್ಯುತ್ ಕೆಲಸದ ಅಂಗಡಿ ಇಟ್ಟುಕೊಂಡು ನಾಲ್ಕು ಜನಕ್ಕೆ ಅನ್ನ ಕೊಡುತ್ತಿದ್ದಾನೆ. ಹಿಂದಿನ ವರ್ಷ ಅವನ ಮುಂದೆ ಈ ಸಂಗತಿಯನ್ನೆಲ್ಲ ಹೇಳಿದೆ. ಅವನು ನಕ್ಕು, ‘ಸರ, ಮಗ್ಗ ನಡದಿದ್ರ ನಾನೂ ಅದರ ಕುಣಿಯೊಳಗೇ ಕುಂದ್ರತಿದ್ದೆ. ಮಗ್ಗ ನಿಂತದ್ದಕ್ಕ ನಮ್ಮಪ್ಪ ನನ್ನ ಸಾಲಿಗೆ ಕಳಿಸಿದ’ ಎಂದ. ಈ ಮಾತಿನಲ್ಲಿ ಸತ್ಯವಿದೆ. ಆದರೂ ಅದನ್ನು ನನ್ನ ಸಮಾಧಾನಕ್ಕೆ ಬಳಸಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಒಂದು ವಿದ್ಯೆ ನಿಲ್ಲದೆ ಇನ್ನೊಂದು ವಿದ್ಯೆ ದೊರೆಯುವಂತಿಲ್ಲವೆಂದು ಯಾವ ಶಾಲೆಯ ಮಾಸ್ತರನೂ ನಂಬಬಾರದು.

2019ರಲ್ಲಿ ನನ್ನ ಹಳೆಯ ಕಂಬಳಿಗೆ ಎರಡು ಕಡೆ ನುಸಿ ಬಿದ್ದು ತೂತಾದಾಗ, ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೆ ಅದನ್ನು ತೆಗೆದುಕೊಂಡು ಹೋದೆ. ಕಂಬಳಿಗೆ ಹೆಸರಾದ ಊರು ಅದು. ಅಲ್ಲಿ ನನ್ನ ವಯಸ್ಸಿನ ನೇಕಾರರೊಬ್ಬರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಸವರಿದರು. ‘ನೇಯೋ ಕೈ ಇನ್ನೂ ಅದಾವ್ರಿ, ನೂಲೋ ಕೈ ಇಲ್ಲ’ ಎಂದರು. ಇಡೀ ದಿನ ನೂತರೂ ಹೆಂಗಸರಿಗೆ ಹೊಲದ ಕೂಲಿಯ ಅರ್ಧವೂ ಹುಟ್ಟುವುದಿಲ್ಲ. ಉಣ್ಣೆ ಕತ್ತರಿಸುವ ಕೂಲಿಯಷ್ಟೂ ಉಣ್ಣೆಗೆ ಬೆಲೆ ಬಾರದೆ ಕುರಿಗಾರರು ಅದನ್ನು ಹಾಗೆಯೇ ಬಿಸಾಡುವುದುಂಟು. ಮಾಂಸಕ್ಕೆ ಬೆಲೆಯಿರುವುದರಿಂದ ಉಣ್ಣೆಯಿಲ್ಲದ ಕೆಂಪು ಕುರಿಗಳನ್ನು ತಂದು ಹಿಂಡಿಗೆ ಸೇರಿಸಿದ್ದಾರೆ. ಹೀಗೆ ಕಂಬಳಿಯೊಡನೆ ನೂಲುವ ಕೈಗಳೂ ಕರಿಯ ಕುರಿಯೂ ಹಿಂದೆ ಸರಿದಿವೆ. ಅವರು ನನ್ನ ಕಂಬಳಿಯ ತೂತುಗಳನ್ನು ಅದೇ ಬಣ್ಣದ ನೂಲಿನಿಂದ ಹೆಣೆದುಕೊಟ್ಟರು. ಎಲ್ಲಿ ಹೆಣೆದರೆಂದು ಇಂದು ನನಗೇ ಗುರುತು ಸಿಗುವುದಿಲ್ಲ.

ಕೊನೆಯದಾಗಿ ಬಾವುಟ. ನಮ್ಮ ಶಾಲೆಯ ರಾಷ್ಟ್ರಧ್ವಜ ಉಗ್ರಾಣದಲ್ಲಿಯೇ ಇರುತ್ತಿತ್ತು, ಬೇವಿನ ಸೊಪ್ಪು ಹಾಕಿದ ಪೆಟ್ಟಿಗೆಯಲ್ಲಿ. ಅದು ಖಾದಿಯದು, ನಮ್ಮ ಧಾರವಾಡ ಸೀಮೆಯ ಕೂಸು ಎಂದರೂ ಸಲ್ಲುತ್ತದೆ. ಧ್ವಜದ ಖಾದಿಗೆ ಧಾರವಾಡದ ಬಳಿಯ ಗರಗ ಹೆಸರುವಾಸಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಧ್ವಜ ತಯಾರಿಕೆಗೆ ದೇಶದಲ್ಲೆಲ್ಲ ಪ್ರಸಿದ್ಧವಾದ ಸಂಸ್ಥೆ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆಯೇ ರಾಷ್ಟ್ರಧ್ವಜದ್ದು. 1951ರಲ್ಲಿ ಸಿದ್ಧವಾಗಿ 1968ರಲ್ಲಿ ಪರಿಷ್ಕೃತವಾದ ಆ ಮಾನಕ ನೂಲಿನ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಹೊಲಿಗೆ ಇವುಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ಚಕ್ರ ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಬೇಕು. ಹೆಚ್ಚಾಗಿ ಹಳ್ಳಿಯ ಹೆಂಗಸರು ಇಷ್ಟೆಲ್ಲ ಕಟ್ಟುಪಾಡಿನಲ್ಲಿ ದುಡಿದ ಬಟ್ಟೆ ದೇಶದ ತಲೆಯ ಮೇಲೆ ಹಾರುತ್ತದೆಂದು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಬಟ್ಟೆಯ ಬಾವುಟಗಳಿಗೂ ಅನುಮತಿ ದೊರೆಯಿತು. ಮರುವರ್ಷದ ಆಗಸ್ಟಿನಲ್ಲಿ ಮನೆಮನೆಯ ಮೇಲೆ ಬಾವುಟ ಹಾರಿದುದನ್ನು ಕಂಡು ನನಗೂ ಹೆಮ್ಮೆಯಾಯಿತು. ಖಾದಿಯೊಂದರಿಂದಲೇ ಅಷ್ಟು ಬಾವುಟ ಒದಗುವಂತಿರಲಿಲ್ಲ. ಆದರೆ ಅಂದು ಶಾಲೆಯ ಅಂಗಳದಲ್ಲಿ ನನ್ನ ಪಕ್ಕ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ತನ್ನ ಕೈಯ ಬಾವುಟವನ್ನು ತಿರುಗಿಸಿ ನೋಡಿ, ‘ಅಜ್ಜಾರ, ಚಕ್ರ ಯಾಕ ಒಂದು ಮಗ್ಗಲಿಗೆ ಹೋಗೇತಿ?’ ಎಂದು ಕೇಳಿದಳು. ನೋಡಿದೆ. ಚಕ್ರ ನಡುವಿನಿಂದ ಎರಡು ಬೆರಳು ಸರಿದಿತ್ತು. ಉತ್ತರ ನನಗೆ ಹೊಳೆಯಲಿಲ್ಲ; ಆದರೆ ಪ್ರಶ್ನೆಯಿಂದ ಆದ ಸಂತೋಷ ಇಂದಿಗೂ ಮಾಸಿಲ್ಲ. ಗುರುತಿಸುವ ಕಣ್ಣು ಇನ್ನೂ ಸತ್ತಿಲ್ಲ.

ಓದುಗ ಮಹನೀಯರಲ್ಲಿ, ಅದರಲ್ಲಿಯೂ ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ಕಟ್ಟಡಕ್ಕೆ ಕೊಡುವಾಗ ಕಲ್ಲು, ಸಿಮೆಂಟುಗಳನ್ನು ಪರೀಕ್ಷಿಸಿ ಕೊಡುತ್ತೀರಿ. ಅನ್ನ, ಬಟ್ಟೆ, ಹಾಸು, ಹೊದಿಕೆಗಳಿಗೆ ಕೊಡುವಾಗಲೂ ಸಂಖ್ಯೆಯೊಂದನ್ನೇ ಕೇಳಬೇಡಿ. ವಸ್ತು ಎಂಥದು, ಎಷ್ಟು ವರ್ಷ ಬಾಳುತ್ತದೆ, ಅದನ್ನು ಮಾಡಿದವರ ಒಲೆ ಉರಿಯುತ್ತದೆಯೇ ಎಂದೂ ಕೇಳಿ. ಕಾಯಕವೆಂಬ ಮಾತನ್ನು ನಮ್ಮ ಗೋಡೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದೇವೆ. ಆ ಗೋಡೆಯ ಕೆಳಗೇ ಒಬ್ಬ ಕಾಯಕಜೀವಿಯನ್ನು ನೀರು ಕುಡಿಸಿ ಹಿಂದಕ್ಕೆ ಕಳಿಸಿದವನು ನಾನು. ಅಧ್ಯಾಪಕ ಬಂಧುಗಳಲ್ಲಿಯೂ ಒಂದು ಮಾತು: ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಆಲೆಮನೆಗೆ, ಮಗ್ಗದ ಮನೆಗೆ, ಬೆಂಗೇರಿಗೆ ಕರೆದುಕೊಂಡು ಹೋಗಿರಿ. ಮುಟ್ಟಿ ನೋಡಿದ ಬೆರಳು ಮುಂದೆ ಕೊಳ್ಳುವಾಗ ಮೋಸಹೋಗುವುದಿಲ್ಲ.

ಕಳೆದ ಕಾರ್ತಿಕದಲ್ಲಿ ನನ್ನ ನಿವೃತ್ತಿವೇತನದಿಂದ ಮೆಡ್ಲೇರಿಯ ಹತ್ತು ಕಂಬಳಿಗಳನ್ನು ತಂದು ನಿಲಯದ ಉಗ್ರಾಣಕ್ಕೆ ಒಪ್ಪಿಸಿದ್ದೇನೆ. ಬದುಕಿರುವಷ್ಟು ಕಾಲ ವರ್ಷಕ್ಕೆ ಹತ್ತರಂತೆ ತರಬೇಕೆಂಬ ಸಂಕಲ್ಪವಿದೆ. ನಾಲ್ವತ್ತು ವರ್ಷ ತಡವಾಯಿತು. ಆದರೂ ಅಜ್ಜ ಹೆಚ್ಚಿಗೆ ನೇಯ್ದು ತಂದಿದ್ದ ಆ ಹತ್ತರ ಲೆಕ್ಕವನ್ನಾದರೂ ಚುಕ್ತಾ ಮಾಡಬೇಕಲ್ಲವೇ? ಈಗಿನ ಉಗ್ರಾಣದ ಮೇಲ್ವಿಚಾರಕರು ಮೊನ್ನೆ ಸಿಕ್ಕಾಗ, ಕಂಬಳಿ ಚುಚ್ಚುತ್ತದೆಂದು ಸಣ್ಣ ಹುಡುಗರು ದೂರು ಹೇಳುತ್ತಿದ್ದಾರೆಂದರು. ‘ಹೌದು, ಚುಚ್ಚುತ್ತದೆ. ಮೂರು ವರ್ಷ ತಾಳಲಿ’ ಎಂದು ಹೇಳಿ ಬಂದಿದ್ದೇನೆ.